ಬೆಕ್ಕಿನ ಸೈಟಿಗೆ ಭಾರಿ ಜನ

“ಚಿಕ್ಕಮ್ಮಾ, ನನ್ನ ಸೈಟು ತೆರೀತಾನೇ ಇಲ್ಲ!”

ಶಾಲೆಯ ಚೀಲ ಇನ್ನೂ ಬೆನ್ನ ಮೇಲೇ ಇತ್ತು, ಅಷ್ಟರಲ್ಲೇ ಗಿರಗಿಟ್ಲೆಯ ರಾಗ ಶುರುವಾಯಿತು. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹುಡುಗಿಗೆ ಮನೆಯವರು ಇಟ್ಟ ಹೆಸರು ಅದು.

“ನಿಂದೊಂದೇ ಅಲ್ಲ ಕಣೇ, ಯಾರದ್ದೂ ತೆರೀತಿಲ್ಲ,” ಎಂದಳು ಚಿಕ್ಕಮ್ಮ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ.

ಚಿಕ್ಕಮ್ಮನ ಆಫೀಸು ಎಂದರೆ ಮನೆಯ ಹಿಂದಿನ ಕೋಣೆ. ಅಲ್ಲಿ ಒಂದು ಮೇಜು, ಎರಡು ಕುರ್ಚಿ, ಮತ್ತು ಗುಂಯ್ ಎನ್ನುವ ಒಂದು ಕಪ್ಪು ಪೆಟ್ಟಿಗೆ. ಆ ಪೆಟ್ಟಿಗೆಯೇ ಸರ್ವರ್. ಹಲ್ಲಿನ ಡಾಕ್ಟರು, ಸೈಕಲ್ ಅಂಗಡಿಯವರು, ಈಜು ಟೀಚರ್, ಹೀಗೆ ಬೀದಿಯ ಅರ್ಧ ಜನರ ವೆಬ್‌ಸೈಟುಗಳು ಅದರೊಳಗೇ ಬಾಡಿಗೆಗಿದ್ದವು. ಒಂದೇ ಮನೆಯಲ್ಲಿ ಅಷ್ಟೊಂದು ಸಂಸಾರ ಅಂದಮೇಲೆ ಜಗಳ ಆಗದಿರುತ್ತದೆಯೇ? ಅದಕ್ಕೇ ಚಿಕ್ಕಮ್ಮ ಪ್ರತಿ ಸೈಟಿಗೂ ಒಂದು ಮಿತಿ ಹಾಕಿದ್ದಳು. ಎಷ್ಟೇ ಜನ ನೋಡಲು ಬರಲಿ, ಯಾವ ಸೈಟೂ ತನ್ನ ಪಾಲಿಗಿಂತ ಹೆಚ್ಚು ಸರ್ವರನ್ನು ದುಡಿಸುವಂತಿಲ್ಲ.

ಒಂದೇ ಒಂದು ಸೈಟಿಗೆ ಮಾತ್ರ ಮಿತಿ ಇರಲಿಲ್ಲ. ಅದರ ಒಡತಿ ಹಿಂದಿನ ದಿನ ಚಿಕ್ಕಮ್ಮನ ಕುತ್ತಿಗೆಗೆ ಜೋತುಬಿದ್ದು, “ನಾನೇನು ಹೊರಗಿನವಳಾ? ಕಾಂಪಿಟಿಷನ್ ಇದೆ, ಒಂದೇ ದಿನ, ಪ್ಲೀಸ್!” ಎಂದು ಗೋಗರೆದಿದ್ದಳು. ಶಾಲೆಯಲ್ಲಿ ಯಾರ ಸೈಟಿಗೆ ಹೆಚ್ಚು ಜನ ಬರುತ್ತಾರೋ ಅವರಿಗೆ ಬಹುಮಾನ. ಊರಿಗೆಲ್ಲ ರೂಲ್ಸ್ ಹೇಳುವ ಚಿಕ್ಕಮ್ಮ ಬೆಣ್ಣೆಯ ಹಾಗೆ ಕರಗಿಬಿಟ್ಟಳು.

ಗಿರಗಿಟ್ಲೆಯ ಸೈಟಿನಲ್ಲಿದ್ದದ್ದು ಅವಳ ಬೆಕ್ಕು. ಬೆಕ್ಕು ಮಲಗಿರುವುದು, ಬೆಕ್ಕು ಮಗ್ಗುಲು ಬದಲಿಸಿರುವುದು, ಬೆಕ್ಕು ಮತ್ತೆ ಮಲಗಿರುವುದು. ಹೀಗೇ ಇನ್ನೂರು ಫೋಟೋ! ಕೆಳಗೆ, ಎಷ್ಟು ಜನ ನೋಡಿದರೆಂದು ತೋರಿಸುವ ಕೌಂಟರ್. ಬೆಳಿಗ್ಗೆ ಇಡೀ ಕ್ಲಾಸು ಒಂದು ಸಲ ನೋಡಿತು. ಎರಡನೇ ಸಲ ಒಂದು ನರಪಿಳ್ಳೆಯೂ ನೋಡಲಿಲ್ಲ.

ಆಗ ನಮ್ಮ ಜಾಣೆಗೊಂದು ಐಡಿಯಾ ಹೊಳೆಯಿತು. ಪುಟ ಪ್ರತಿ ಸೆಕೆಂಡಿಗೂ ತಾನೇ ಮತ್ತೆ ತೆರೆಯುವ ಹಾಗೆ ಒಂದು ಸಾಲು ಬರೆದಳು. ಶಾಲೆಯ ಲ್ಯಾಬಿನ ಅಷ್ಟೂ ಕಂಪ್ಯೂಟರುಗಳಲ್ಲಿ ಅದನ್ನು ತೆರೆದಿಟ್ಟು, ಯಾರಿಗೂ ಕಾಣದಂತೆ ಮಾನಿಟರುಗಳನ್ನು ಆರಿಸಿ ಮನೆಗೆ ಬಂದಳು. ಕೌಂಟರ್ ಓಡಿದ್ದೇ ಓಡಿದ್ದು. ಪಾಪ, ಸರ್ವರ್ ಮಾತ್ರ ಇನ್ನೂರು ಬೆಕ್ಕುಗಳನ್ನು ಹೊತ್ತು ಹೊತ್ತು ಸುಸ್ತಾಗಿ ಕೂತುಬಿಟ್ಟಿತು.

ಧಡಾರನೆ ಬಾಗಿಲು ತೆರೆಯಿತು. ಈಜು ಟೀಚರ್!

“ನನ್ನ ಕ್ಲಾಸಿನ ಅಡ್ಮಿಷನ್ ಸೈಟಲ್ಲಿ ಈಗಾಗಲೇ ಶುರು ಆಗ್ಬೇಕಿತ್ತು. ಎಲ್ಲರೂ ಫೋನ್ ಮಾಡಿ ತಲೆ ತಿಂತಿದಾರೆ. ಇವತ್ತು ಜನ ಸೇರ್ಲಿಲ್ಲ ಅಂದ್ರೆ ಪೂಲಿನವರು ನನ್ನ ಟೈಮನ್ನ ಬೇರೆಯವರಿಗೆ ಕೊಟ್ಬಿಡ್ತಾರೆ. ಆಮೇಲೆ ನಾನೇನು ಬಕೆಟ್ಟಲ್ಲಿ ಈಜು ಕಲಿಸ್ಲಾ?”

ಗಿರಗಿಟ್ಲೆಗೆ ನಗು ಬಂತು. ಆದರೆ ಟೀಚರ್ ಕಣ್ಣಲ್ಲಿ ನೀರಿತ್ತು.

ಅಷ್ಟರಲ್ಲಿ ಸರ್ವರನ್ನು ತಿನ್ನುತ್ತಿದ್ದ ಸೈಟು ಯಾವುದೆಂದು ಪರದೆಯ ಮೇಲೆ ಕಂಡಿತು. ಚಿಕ್ಕಮ್ಮ ಅದನ್ನು ನೋಡಿದಳು, ಆಮೇಲೆ ಗಿರಗಿಟ್ಲೆಯನ್ನು ನೋಡಿದಳು. ಕೂಡಲೇ ಆ ಸೈಟನ್ನು ನಿಲ್ಲಿಸಿದಳು. ಲ್ಯಾಬಿನ ಪುಟಗಳೂ ಅಲ್ಲಿಗೇ ನಿಂತವು, ಪೆಟ್ಟಿಗೆಯ ಸದ್ದು ತಗ್ಗಿತು.

“ತಪ್ಪು ನಂದೇ ಟೀಚರ್. ಒಬ್ಬರಿಗೆ ಮಿತಿ ತೆಗೆದಿದ್ದೆ.”

“ನೀವಾ? ನನಗೆ ಒಂದು ವಿಡಿಯೋ ಹಾಕೋಕೂ ಬಿಡಲಿಲ್ಲ ನೀವು! ಯಾರಪ್ಪಾ ಆ ದೊಡ್ಡ ಮನುಷ್ಯರು?”

ಚಿಕ್ಕಮ್ಮ ತಲೆ ತಗ್ಗಿಸಿದಳು. ಯಾರಿಗೂ ಹೆದರದ ಚಿಕ್ಕಮ್ಮ! ಗಿರಗಿಟ್ಲೆಗೆ ಅದನ್ನು ನೋಡಲಾಗಲಿಲ್ಲ.

“ನಮ್ಮ ಬೆಕ್ಕು,” ಎಂದಳು ಮೆಲ್ಲಗೆ.

“ಏನು?”

“ಬೆಕ್ಕಿನ ಸೈಟು. ನಂದು. ಲ್ಯಾಬಲ್ಲೆಲ್ಲ ನಾನೇ ಓಪನ್ ಮಾಡಿಟ್ಟು ಬಂದೆ. ಸಾರಿ ಟೀಚರ್.”

ಟೀಚರ್ ಬೈಯಲೆಂದೇ ಬಾಯಿ ತೆರೆದರು. ಅಷ್ಟರಲ್ಲಿ ಅವರ ಫೋನು ಟಿಣ್ ಎಂದಿತು. ಮತ್ತೆ ಟಿಣ್. ಬೈಗುಳ ಅಲ್ಲೇ ಮರೆತುಹೋಯಿತು.

“ಅಬ್ಬಾ, ಅಡ್ಮಿಷನ್ ಬಂತು! ಹೋದ ಸಲ ನೀರಿಗಿಳಿಯೋಕೆ ಅಳ್ತಿದ್ನಲ್ಲ, ಆ ಹುಡುಗ! ಇವು ಸೈಕಲ್ ಅಂಗಡಿಯವರ ಅವಳಿ ಮಕ್ಕಳು. ಅಯ್ಯೋ, ಇದ್ಯಾರು? ಹುಡುಗನ ಅಜ್ಜಿ! ಅವರೂ ಈಜು ಕಲೀತಾರಂತೆ!” ಟೀಚರ್ ಕಣ್ಣೊರೆಸಿಕೊಂಡು ನಗತೊಡಗಿದರು.

“ನಿನ್ನ ಸೈಟನ್ನೂ ಮತ್ತೆ ಹಾಕ್ಲೇನೇ, ಮಿತಿ ಇಟ್ಟು?” ಎಂದಳು ಚಿಕ್ಕಮ್ಮ. “ಕಾಂಪಿಟಿಷನ್ನಲ್ಲಿ ಎಷ್ಟಂದ್ರೂ ನೀನೇ ಫಸ್ಟು.”

ಕೌಂಟರ್ ಎಂಬತ್ತು ಸಾವಿರ ದಾಟಿ ನಿಂತಿತ್ತು. ಟೀಚರ್ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಗುರುತು ಹಿಡಿಯುತ್ತಿದ್ದರು. ಗಿರಗಿಟ್ಲೆ ತನ್ನ ಎಂಬತ್ತು ಸಾವಿರ ಜನರನ್ನು ನೋಡಿದಳು. ಅವರ ಗುರುತು ಹಿಡಿಯುವುದೇನೂ ಕಷ್ಟವಿರಲಿಲ್ಲ. ಅಷ್ಟೂ ಜನ ಅವಳೇ.

ಪುಟವನ್ನು ಮತ್ತೆ ಮತ್ತೆ ತೆರೆಸುತ್ತಿದ್ದ ಆ ಸಾಲನ್ನು ಅವಳೇ ಅಳಿಸಿದಳು. “ಕೌಂಟರನ್ನ ಸೊನ್ನೆ ಮಾಡಿ ಹಾಕು ಚಿಕ್ಕಮ್ಮಾ.”

“ಎಲ್ಲಿ, ನೋಡೋಣ ನಿನ್ನ ಬೆಕ್ಕನ್ನ,” ಎಂದರು ಟೀಚರ್, ಫೋನು ಹಿಡಿದು.

ಕೌಂಟರ್ ಒಂದು ಎಂದು ತೋರಿಸಿತು. ಗಿರಗಿಟ್ಲೆ ಉಸಿರು ಬಿಗಿಹಿಡಿದು ಟೀಚರ್ ಮುಖವನ್ನೇ ನೋಡಿದಳು.

“ಒಳ್ಳೇ ನಿದ್ದೆ ಮಾಡ್ತಾನಲ್ಲ ಇವ್ನು,” ಎಂದು ಟೀಚರ್ ಎರಡನೇ ಫೋಟೋ ತೆರೆದರು.