ಕಡ್ಡಿಪೆಟ್ಟಿಗೆಯಲ್ಲಿ ಅವಳ ಗುರುತು

"ಈ ಕಪ್ಪು ನೂಲಿಗೆ ಬಣ್ಣ ಹಾಕಿದವ್ರು ಯಾರ್ರಿ?"

ಬಣ್ಣದ ಮನೆಯ ಬಾಗಿಲಿಗೆ ಅಡ್ಡ ನಿಂತ ಮಾಳಿಂಗರಾಯನ ಬೆರಳುಗಳ ನಡುವೆ ಒಂದೇ ಒಂದು ಎಳೆಯಿತ್ತು. ಮೆಲ್ಲಗೆ ಜಗ್ಗಿದ. ಟಪ್ಪನೆ ಕಡಿಯಿತು!

ಬಣ್ಣದ ಗಡಿಗೆಯ ಮುಂದಿದ್ದ ಕಾವೇರಿ ಥಟ್ಟನೆ ಎದ್ದು ನಿಂತಳು.

ಗೊಳಸಂಗಿಯಿಂದ ಮಸೂತಿಯ ಈ ನೇಕಾರಿಕೆ ಕೇಂದ್ರಕ್ಕೆ ಅವಳು ಬರತೊಡಗಿ ಮೂರೇ ತಿಂಗಳು. ಮೋರಟಗಿಯ ಈ ನೇಕಾರನನ್ನು ದಿನಾ ಕಿಟಕಿಯಿಂದ ಕದ್ದು ನೋಡುತ್ತಿದ್ದದ್ದು ನಿಜ. ಆದರೆ ಅವನು ಎದುರಿಗೆ ನಿಂತು ಮಾತಾಡಿದ್ದು ಇದೇ ಮೊದಲು. ಮೊದಲ ಮಾತೇ ಇದಾಗಬೇಕಿತ್ತೇ?

"ನನಗ... ನನಗ ಗೊತ್ತಿಲ್ರಿ."

ಸುಳ್ಳು! ಹಸಿ ಹಸಿ ಸುಳ್ಳು!

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. "ಹೌದ್ರೀ?" ಎಂದಷ್ಟೇ ಹೇಳಿ ಹೊರಟುಹೋದ.

ಕಾವೇರಿ ಗಡಿಗೆಯ ಪಕ್ಕ ಕುಸಿದು ಕುಳಿತಳು. ಹಳೆಯ ಲಾಳ, ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ವಾರಗಟ್ಟಲೆ ಹುಳಿಯಿಸಿ ಮಾಡಿದ ಕಪ್ಪು ಅದು. ನೂಲನ್ನು ಅದ್ದಿ ಬೇಗ ತೆಗೆಯಬೇಕು. ಮರೆತರೆ ಕಬ್ಬಿಣದ ನೀರು ನೂಲಿನ ಸತ್ವವನ್ನೇ ತಿಂದುಬಿಡುತ್ತದೆ. ಸೋಮವಾರ ಅವಳು ಮರೆತಿದ್ದಳು. ಯಾಕೆ ಮರೆತಳೆಂದು ಯಾರಿಗೂ ಹೇಳುವ ಹಾಗಿರಲಿಲ್ಲ.

ಹೋದ ವರ್ಷ ಇಲ್ಲೇ ಬಣ್ಣ ಹಾಕುತ್ತಿದ್ದ ರಾಜಶ್ರೀ ಹೀಗೇ ನೂಲು ಕೆಡಿಸಿ ಮುಚ್ಚಿಟ್ಟಿದ್ದಳಂತೆ. ಕೇಂದ್ರ ನಡೆಸುವ ವಿದ್ಯಾವತಿ ಅಕ್ಕ ಅವಳನ್ನು ಅಂದೇ ಮನೆಗೆ ಕಳಿಸಿದ್ದರು. ಈಗ ನನ್ನ ಸರದಿ... ಈ ಗಡಿಗೆಗಳು, ಈ ಬಣ್ಣ, ಈ ಕಿಟಕಿ, ಎಲ್ಲ ಮುಗಿಯಿತು!

ಅಷ್ಟರಲ್ಲಿ ಇನ್ನೊಂದು ನೆನಪಾಗಿ ಅವಳು ದಿಗ್ಗನೆ ಎದ್ದಳು. ಗುರುತು!

ಬಣ್ಣ ಹಾಕಿ ಒಣಗಿಸಿದ ಪ್ರತಿ ಲಡಿ ನೂಲಿಗೂ ಬಣ್ಣ ಹಾಕಿದವರು ತಮ್ಮದೊಂದು ಚಿಂದಿ ಕಟ್ಟಬೇಕು. ಬಟ್ಟೆ ನೇಯ್ದು ಮುಗಿಯುವ ತನಕ ನೇಕಾರ ಆ ಚಿಂದಿಯನ್ನು ಮಗ್ಗದ ಮೊಳೆಗೆ ಸಿಕ್ಕಿಸಿಡಬೇಕು. ಕಾವೇರಿಯದು ಕೆಂಪು ಹೂವಿನ ಚಿಂದಿ, ಅಜ್ಜಿಯ ಕೌದಿಯಲ್ಲಿ ಉಳಿದದ್ದು. ಅಂಥದ್ದು ಇಡೀ ಕೇಂದ್ರದಲ್ಲಿ ಬೇರೆ ಯಾರಲ್ಲೂ ಇಲ್ಲ.

ಮಧ್ಯಾಹ್ನ ಧೈರ್ಯ ಮಾಡಿ ಕಿಟಕಿಯಿಂದ ಇಣುಕಿದಳು. ಮಾಳಿಂಗರಾಯ ಕಡಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕುತ್ತಿದ್ದ. ಆಮೇಲೆ ಏನನ್ನೋ ಕಡ್ಡಿಪೆಟ್ಟಿಗೆಯಲ್ಲಿಟ್ಟು ಜೇಬಿಗೆ ಹಾಕಿಕೊಂಡ.

ಕಡಿದ ಎಳೆಗಳನ್ನು ಕೂಡಿಡುತ್ತಿದ್ದಾನೆ... ಅಕ್ಕನಿಗೆ ತೋರಿಸಲು!

"ಸಂಜಿಕ ಒಂಚೂರು ಮಾತಾಡೋದೈತ್ರಿ," ಎಂದು ಅವನು ಕರೆದಾಗ ಕಾವೇರಿ ಕೇಳಿಸದವಳಂತೆ ಬಸ್ಸಿಗೆ ಓಡಿದಳು. ಮರುದಿನವೂ ಓಡಿದಳು. ಮೂರನೆಯ ದಿನ ಬುತ್ತಿಯನ್ನು ಬಿಚ್ಚದೆಯೇ ಮನೆಗೆ ಒಯ್ದಳು.

ನಾಲ್ಕನೆಯ ದಿನ ವಿದ್ಯಾವತಿ ಅಕ್ಕ ಎಲ್ಲರನ್ನೂ ಅಂಗಳಕ್ಕೆ ಕರೆದರು. ಅವರ ಕೈಯಲ್ಲಿ ಮಾಳಿಂಗರಾಯ ನೇಯ್ದ ಕಪ್ಪು ಚಾದರ, ದಾಳಿಂಬೆ ಸಿಪ್ಪೆಯ ಹಳದಿ ಅಂಚು... ನೋಡಲು ಎಷ್ಟು ಚೆಂದ! ಅಕ್ಕ ಅದನ್ನು ಮಗುಚಿದರು. ಹಿಂದೆಲ್ಲ ಗಂಟುಗಳು.

"ಏನಪಾ ಇದು? ಈ ಲಡಿ ಗುರುತು ಎಲ್ಲೈತಿ?"

ಕಾವೇರಿ ಕಣ್ಣು ಮುಚ್ಚಿಕೊಂಡಳು. ಈಗ ತೆಗೆಯುತ್ತಾನೆ ಕಡ್ಡಿಪೆಟ್ಟಿಗೆ...

"ಕಳೀತ್ರಿ ಅಕ್ಕಾರ. ನೂಲಿಂದೇನೂ ತಪ್ಪಿಲ್ಲ. ನಾನಽ ಬಿಗಿ ಜಗ್ಗೇನಿ."

ಅವಳು ಥಟ್ಟನೆ ಕಣ್ಣು ತೆರೆದಳು.

"ಹಂಗಾದ್ರ ನಾಳಿಂದ ಈ ಮಗ್ಗ ಬಿಡು," ಅಕ್ಕನ ದನಿ ಗಡುಸಾಯಿತು. "ಕಾಲೊರಸು ನೇಯಿ."

ಅವನು ತಲೆಯಾಡಿಸಿದ. ಅಷ್ಟೇ! ತಾನೇ ಹೊಂದಿಸಿಕೊಂಡ ಮಗ್ಗವನ್ನು ಬಿಟ್ಟುಕೊಡಲು ಒಂದೂ ಎದುರು ಮಾತಿಲ್ಲ!

ಕಾವೇರಿ ಒಂದು ಹೆಜ್ಜೆ ಮುಂದಿಟ್ಟು ನಿಂತಳು. ಹೇಳಿದರೆ ನಾನು ಹೋಗುತ್ತೇನೆ. ಹೇಳದಿದ್ದರೆ... ಇನ್ನೆಂದಾದರೂ ಆ ಕಿಟಕಿಯಿಂದ ಅವನ ಮುಖ ನೋಡಲಾದೀತೇ?

"ಅಕ್ಕಾರ! ನೂಲು ಕೆಡಿಸಿದಾಕಿ ನಾನ್ರಿ! ಕಪ್ಪು ನೀರಾಗ ಇಟ್ಟು ಮರ್ತೇನಿ. ಅವ್ರು ಕೇಳಿದಾಗ ಸುಳ್ಳೂ ಹೇಳೇನಿ... ಹೆದರಿಕಿ ಬಂದಿತ್ರಿ!"

ಎಲ್ಲರೂ ಅವಳತ್ತ ತಿರುಗಿದರು.

ಅಕ್ಕ ಅವಳನ್ನು ಅಳೆಯುವಂತೆ ನೋಡಿದರು. "ರಾಜಶ್ರೀ ಕೊನೀತನಕ ಬಾಯಿ ಬಿಡಲಿಲ್ಲ. ನೀ ಬಿಟ್ಟಿ. ಆರು ತಿಂಗಳು ಕಪ್ಪಿಗೆ ಕೈ ಹಚ್ಚಬ್ಯಾಡ, ದಾಳಿಂಬಿ ಸಿಪ್ಪಿ ಕುದಿಸು. ಮಾಳಿಂಗರಾಯಾ, ನೀ ನಿನ್ನ ಮಗ್ಗಕ್ಕ ಹೋಗು. ಇನ್ನೊಮ್ಮೆ ನನ್ನ ಮುಂದ ಸುಳ್ಳು ಹೇಳಿದಿ ಅಂದ್ರ ನೋಡು!"

ಎಲ್ಲರೂ ಚದುರಿದ ಮೇಲೂ ಕಾವೇರಿ ಅಂಗಳದಲ್ಲೇ ನಿಂತಿದ್ದಳು. ಮಾಳಿಂಗರಾಯ ಹತ್ತಿರ ಬಂದು ಕಡ್ಡಿಪೆಟ್ಟಿಗೆ ತೆರೆದ.

ಒಳಗೆ ಒಂದು ಎಳೆಯೂ ಇರಲಿಲ್ಲ. ಕೆಂಪು ಹೂವಿನ ಚಿಂದಿಗಳಿದ್ದವು.

"ಇವು... ನನ್ನ ಗುರುತು! ಅಂದ್ರ ನಿಮಗ ಮೊದಲಽ ಗೊತ್ತಿತ್ತು?"

"ಬಾಗಿಲಿಗಿ ಬಂದಾಗಽ ಗೊತ್ತಿತ್ರಿ, ನೀವಽ ಹೇಳ್ಲಿ ಅಂತ ಕೇಳಿದ್ನಿ. ಕೇಳಿದ ಕೂಡ್ಲೇ ನಿಮ್ಮ ಮಾರಿ ಬಿಳಚಿತು. ಇವನ್ನ ಮಗ್ಗದ ಮೊಳಿಗಿ ಸಿಗಸಾಕ ಮನಸ್ಸಾಗ್ಲಿಲ್ಲ. ಹೆದರಬ್ಯಾಡ್ರಿ ಅಂತ ಹೇಳಾಕ ಕರದ್ರ, ನೀವು ಬಸ್ಸಿಗಿ ಓಡಾಕತ್ತಿದ್ರಿ."

ಅವಳಿಗೆ ನಗು, ಅಳು ಒಟ್ಟಿಗೇ ಬಂದವು.

"ನನ್ನ ಸಲುವಾಗಿ ಮಗ್ಗಽ ಬಿಡಾಕ ನಿಂತ್ರಲ್ರಿ... ಯಾಕ?"

"ಇಷ್ಟಾದ ಮ್ಯಾಲೂ ಕೇಳ್ತೀರಲ್ಲ," ಎಂದು ಅವನು ನೆಲ ನೋಡಿದ. ಅವನ ಕಿವಿ ಕೆಂಪಾಗಿತ್ತು. "ಮೊದಲ ನೀವು ಹೇಳ್ರಿ. ಇಷ್ಟು ಹುಷಾರ ಇದ್ದವ್ರು ಅವತ್ತು ಹೆಂಗ ಮರತ್ರಿ?"

ನಾಲ್ಕು ದಿನ ಹೆದರಿ ಹೆದರಿ ಅವಳಲ್ಲಿದ್ದ ಭಯವೆಲ್ಲ ಖರ್ಚಾಗಿ ಹೋಗಿತ್ತೇನೋ. ಕಾವೇರಿ ತಲೆಯೆತ್ತಿದಳು.

"ಕಿಟಕ್ಯಾಗ ನಿಂತಿದ್ದೆ... ನಿಮ್ಮ ಮಗ್ಗದ ಸಪ್ಪಳ ಕೇಳಿಕೋತ."

ಅವನು ಕಡ್ಡಿಪೆಟ್ಟಿಗೆಯನ್ನು ಮುಚ್ಚಿ ಮತ್ತೆ ತನ್ನ ಜೇಬಿಗೇ ಹಾಕಿಕೊಂಡ.

"ನನ್ನ ಗುರುತು ಕೊಡ್ರಿ," ಎಂದಳು ಅವಳು.

"ಕೊಡಾಂಗಿಲ್ಲ. ನಾಳಿಂದ ಕಿಟಕಿ ಬಿಟ್ಟು ಮಗ್ಗದ ಹತ್ರ ಬಂದು ಕೇಳ್ರಿ."