ಎರಡು ಬೆಕ್ಕು, ಒಂದು ಬಾಗಿಲು

“ಹಲೋ, ಜೈಭೀಮ ರೀ,” ಎಂದಿತು ಫೋನಿನ ಆ ಕಡೆಯ ದನಿ.

“ಜೈಭೀಮ ರೀ,” ಎಂದೆ. ನಮ್ಮ ಮನೆಗೆ ಯಾರ ಫೋನ್ ಬಂದರೂ ಮೊದಲ ನಮಸ್ಕಾರ ಅದೇ. “ಯಾರು ಮಾತಾಡಾಕತ್ತೀರಿ?”

“ಜೈಭೀಮ ರೀ.”

“ಹಾಂ, ಜೈಭೀಮ. ಯಾರ್ರೀ ನೀವು?”

ಆ ಕಡೆ ನಗು. “ನಮಸ್ಕಾರ ಅಲ್ರೀ, ಅದು ನನ್ನ ಹೆಸರು! ಕಮಲಾಪುರದಿಂದ. ಬೆಕ್ಕಿನ ಮರಿ ಬೇಕಂತ ಮೆಸೇಜ್ ಹಾಕಿದ್ದಿರಲ್ಲ, ಪಂಚಶೀಲಾ ಅವರೇ?”

ನನ್ನ ಕಿವಿ ಬಿಸಿಯಾಯಿತು. ಅವರು ಕಮಲಾಪುರದ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಸಂತೆಯಲ್ಲಿ ಯಾರೋ ಬಿಟ್ಟುಹೋದ ಎರಡು ಮರಿಗಳನ್ನು ಸಾಕಿದ್ದರು. ಕೊಡುವ ಮೊದಲು ಐತವಾರ ಬಂದು ಮನೆ ನೋಡುತ್ತೇನೆ ಎಂದರು.

ಅವ್ವನಿಗೆ ಹೇಳಿದೆ. ಅವಳು ಸೊಂಟದ ಮೇಲೆ ಕೈ ಇಟ್ಟಳು. “ಹೆಣ್ಣಿನವರು ಗಂಡಿನ ಮನಿ ನೋಡಾಕ ಹೋಗೂದು ಕೇಳೀನಿ. ಬೆಕ್ಕಿನವರು ಮನಿ ನೋಡಾಕ ಬರೂದು ಇದೇ ಮೊದಲು. ಬೆಕ್ಕಿಗೆ ವರದಕ್ಷಿಣಿ ಎಷ್ಟಂತ?”

ಡಿಗ್ರಿ ಮುಗಿದ ಮೇಲೆ ಕುಸನೂರಿನ ಈ ಎರಡನೇ ಮಹಡಿಯೇ ನನ್ನ ಊರಾಗಿತ್ತು. ಅಪ್ಪ ಇಲ್ಲ. ಅವ್ವ ಆಸ್ಪತ್ರೆಯ ಡ್ಯೂಟಿಗೆ ಹೋಗುವಾಗ ಹೊರಗಿನಿಂದ ಕೀಲಿ ಹಾಕುತ್ತಿದ್ದಳು. “ಕಾಲ ಛಲೋ ಇಲ್ಲ ಮಗಾ. ಸಂಬಂಧ ಕೂಡಿ ಬರೂತನಕ ಅಷ್ಟ.” ಬೇಸರವಾದರೆ ಬೆಕ್ಕು ಸಾಕಿಕೋ ಎಂದವಳೂ ಅವಳೇ. ಅವಳ ಅಂಜಿಕೆಯಲ್ಲಿ ಪ್ರೀತಿಯೇ ಇತ್ತು. ಅದಕ್ಕೇ ನನಗೆ ಒಂದು ಮಾತೂ ಎದುರಾಡಲು ಆಗುತ್ತಿರಲಿಲ್ಲ.

ಐತವಾರ ಬಂದವರು ನನ್ನನ್ನು ನೋಡುವ ಮೊದಲೇ ಖಿಡಕಿ ನೋಡಿದರು. ಸೊಳ್ಳೆ ಪರದೆಯನ್ನು ಬೆರಳಿನಿಂದ ಒತ್ತಿ, “ಇದು ಒಂದು ದಿನಕ್ಕ ಹರೀತದ. ಸ್ಟೀಲ್ ಜಾಳಿ ಹಾಕಸ್ರಿ,” ಎಂದರು. ಲಿಲ್ಲಿ ಹೂವಿನ ಕುಂಡ ಕಂಡು, “ಚಂದ ಅದ. ಆದ್ರ ಬೆಕ್ಕಿಗೆ ವಿಷ.” ಹೇಳುವಾಗ ಅವರ ಕಣ್ಣು ಹೂವಿನಿಂದ ನನ್ನ ಕಡೆಗೆ ಜಾರಿ, ತಪ್ಪು ಮಾಡಿದಂತೆ ಮತ್ತೆ ಹೂವಿಗೇ ಹೋಯಿತು.

“ಕದಾ ಯಾವಾಗಲೂ ಹಾಕೇ ಇರ್ತದೇನ್ರೀ?”

“ಹೊರಗಿಂದ ಕೀಲಿ ಹಾಕ್ತೀನಪ,” ಎಂದಳು ಅವ್ವ ಹೆಮ್ಮೆಯಿಂದ. “ಬೆಕ್ಕೂ ಹೋಗಂಗಿಲ್ಲ, ಇಕಿನೂ ಹೋಗಂಗಿಲ್ಲ.”

ಅವ್ವ ಕೊಟ್ಟ ಶಿರಾ ತಿನ್ನುತ್ತಿದ್ದ ಅವರ ಚಮಚ ಗಾಳಿಯಲ್ಲೇ ನಿಂತಿತು. “ಬೆಕ್ಕಿಗೆ ಛಲೋ ಆತು,” ಎಂದರು ಮೆಲ್ಲಗೆ. ಆಮೇಲೆ ನನ್ನನ್ನೇ ಕೇಳಿದರು, “ಇವು ಹದಿನೈದು ವರ್ಷ ಬದುಕ್ತಾವ. ಅಲ್ಲೀತನಕ ನೀವು ಎಲ್ಲಿರ್ತೀರಿ?”

“ಬರೂ ವರ್ಷ ಮದುವಿ ಆಗಿ ಹೋಗ್ತಾಳ. ಆಗ ಬೆಕ್ಕು ಬಿಟ್ಟರಾತು,” ಎಂದಳು ಅವ್ವ.

“ಆಂಟಿ, ನಾ ಅವರನ್ನ ಕೇಳೀನ್ರಿ.”

ಎಲ್ಲಿರಬೇಕು ಎಂದು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವರ ತಟ್ಟೆಗೆ ಇನ್ನೊಂದು ಚಮಚ ಶಿರಾ ಬಡಿಸಿದೆ. ಅದನ್ನು ತಿಂದು ಅವರು ಎದ್ದರು. “ಅವಸರ ಇಲ್ರಿ. ಉತ್ತರ ಸಿಕ್ಕಾಗ ಹೇಳ್ರಿ. ಅಲ್ಲೀತನಕ ಮರಿ ನನ್ನ ಹತ್ರ ಇರ್ತಾವ.”

ಉತ್ತರ ಸಿಗಲಿಲ್ಲ. ಆದರೂ ಮನೆ ಸಜ್ಜು ಮಾಡತೊಡಗಿದೆ. ಜಾಳಿ ಹಾಕಿಸಿದೆ. ಲಿಲ್ಲಿಯನ್ನು ಕೆಳಗಿನ ಮನೆಯ ಆಸ್ಮಾಗೆ ಕೊಟ್ಟೆ. ಅನುಮಾನ ಬಂದಾಗಲೆಲ್ಲ ಫೋನ್ ಮಾಡುತ್ತಿದ್ದೆ, ಕೊನೆಕೊನೆಗೆ ಅನುಮಾನವಿಲ್ಲದೆಯೂ. ಮರಿಗಳು ಅಡಗಿಕೊಳ್ಳಲು ರಟ್ಟಿನ ಡಬ್ಬಿಯನ್ನು ಕತ್ತರಿಸುತ್ತಿದ್ದ ದಿನ ಅವರು ಫೋನಿನಲ್ಲಿ ಹೇಳಿದರು:

“ಎರಡೂ ಕಡೆ ಬಾಯಿ ಇಡ್ರಿ. ಒಂದೇ ಇದ್ದರ ಅಂಜಿದ ಬೆಕ್ಕು ಒಳಗೇ ಸಿಕ್ಕೊಂಡು ಬೀಳ್ತದ. ಹೋಗಾಕ ದಾರಿ ಅದ ಅಂತ ಗೊತ್ತಿದ್ದರನ ಅದು ನೆಮ್ಮದಿಲೆ ಇರ್ತದ.”

ಕತ್ತರಿ ಕೈಯಲ್ಲೇ ಉಳಿಯಿತು. ತಲೆ ಎತ್ತಿ ನಮ್ಮ ಮನೆಯನ್ನು ನೋಡಿದೆ. ಹೊರಗಿನಿಂದ ಕೀಲಿ ಬಿದ್ದ ಒಂದೇ ಬಾಗಿಲು.

ಮರುದಿನ ಮುಂಜಾನೆ ಅವ್ವ ಚಪ್ಪಲಿ ಮೆಟ್ಟುವಾಗ ಹೇಳಿದೆ, “ಅವ್ವಾ, ಇವತ್ತ ಕೀಲಿ ನನಗ ಕೊಟ್ಟು ಹೋಗು. ಕಮಲಾಪುರಕ್ಕ ಹೋಗ್ತೀನಿ.”

“ಯಾರ ಕೂಡ?”

“ಒಬ್ಬಾಕಿನ.”

“ಮಂದಿ ಏನಂತಾರ?”

“ಮಂದಿ ಇರಲಿ. ನೀ ಏನಂತಿ?”

ಅವ್ವ ನನ್ನನ್ನು ಹೊಸಬಳಂತೆ ನೋಡಿದಳು. ಕೀಲಿಯನ್ನು ಖಿಡಕಿಯ ಕಟ್ಟೆಯ ಮೇಲಿಟ್ಟು, ಇಳಿಯುತ್ತಾ ಮೆಟ್ಟಿಲ ತಿರುವಿನಿಂದ ಕೂಗಿದಳು, “ಹೊತ್ತು ಮುಳುಗೂದರಾಗ ಬಾ! ಮತ್ತ ಊಟಾ ಮಾಡಿ ಹೋಗು!”

ಫೋನ್ ಮಾಡಿ ಹೇಳಿದ್ದೆ; ಕಮಲಾಪುರದ ಬಸ್ ಸ್ಟ್ಯಾಂಡಿಗೆ ಮೇಷ್ಟ್ರೇ ಬಂದಿದ್ದರು, ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು. ಮನೆಯಲ್ಲಿ ಅವರ ಅವ್ವ ಚಹಾ ಕೊಟ್ಟು, ನಗು ಅಡಗಿಸಿಕೊಂಡು ಒಳಗೆ ಹೋದರು. ಮರಿಗಳು ಜೋಳದ ಚೀಲದ ಹಿಂದೆ ಅಡಗಿದ್ದವು. ನಾವು ನೆಲದ ಮೇಲೆ ಕುಳಿತೆವು.

“ಅವನ್ನ ನೋಡಬ್ಯಾಡ್ರಿ. ನೋಡಿದರ ಬರಂಗಿಲ್ಲ.”

“ಮತ್ತ ಎಲ್ಲಿ ನೋಡ್ಲಿ?”

“ಇಲ್ಲಿ... ಈ ಕಡೆ ನೋಡ್ರಿ.”

ನೋಡಿದೆ. ಗಣಿತದ ಮೇಷ್ಟ್ರ ಕಿವಿಯೂ ಕೆಂಪಾಗುತ್ತದೆ ಎಂದು ಆಗ ಗೊತ್ತಾಯಿತು.

“ಎಲ್ಲಿರ್ತೀರಿ ಅಂತ ಕೇಳಿದ್ರಿ,” ಎಂದೆ. “ಬೆಕ್ಕು ಎಲ್ಲಿರ್ತಾವ, ಅಲ್ಲಿ.”

ಅವರ ಮುಖ ಸಪ್ಪಗಾಯಿತು. “ಹಂಗಾದರ ಇವತ್ತ ಒಯ್ತೀರಿ.”

“ಒಯ್ಯಂಗಿಲ್ಲ. ಅವು ಇಲ್ಲೇ ಇರ್ತಾವ.”

ಅವರಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ಚಹಾದ ಕಪ್ಪನ್ನು ನೆಲಕ್ಕಿಟ್ಟು ನನ್ನ ಕಡೆಗೆ ತಿರುಗಿ ಕುಳಿತರು.

“ಆದ್ರ ನನಗ ಹೊರಗಿಂದ ಕೀಲಿ ಹಾಕಂಗಿಲ್ಲ ನೋಡ್ರಿ,” ಎಂದೆ. ನನ್ನ ದನಿ ನನಗೇ ಹೊಸದೆನಿಸಿತು.

“ಇಲ್ಲ. ಜಾಳಿ, ಕದಾ ಎಲ್ಲಾ ಬೆಕ್ಕಿಗಷ್ಟ.”

ಅಷ್ಟರಲ್ಲಿ ಬೂದು ಬಣ್ಣದ ಮರಿ ಚೀಲದ ಹಿಂದಿನಿಂದ ಬಂದು, ನನ್ನ ಬೆರಳು ಮೂಸಿ, ತೊಡೆ ಏರಿ ಸುರುಳಿ ಸುತ್ತಿ ಮಲಗಿತು.

“ಅಯ್ಯ, ಈಗ ಏಳೂದು ಹೆಂಗ? ಹೊತ್ತು ಮುಳುಗೂದರಾಗ ಬಾ ಅಂದಾಳ ಅವ್ವ.”

“ಇನ್ನೊಂದು ಬಸ್ ಅದ ರೀ. ನಾನೂ ಬರ್ತೀನಿ, ಅವ್ವಾರ ಹತ್ರ ಮಾತಾಡಾಕ.”

“ಬೈತಾಳ.”

“ಯಾರಿಗೆ?”

“ಮೊದಲು ನಿಮಗ.”

“ಬೈಲಿ ಬಿಡ್ರಿ,” ಎಂದು ಅವರು ಬಾಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟರು. ಒಂದು ಕೈ ಬೆಕ್ಕಿನ ಮೇಲಿತ್ತು. ಇನ್ನೊಂದು ಕೈ ಚಾಚಿ ತೆಗೆದುಕೊಂಡೆ.