ಅಂಗಿಯ ಸಿಂಬಿ

ಡೆನೀಶಾಗೆ ನಾನು ಹೇಳಿದ ಮೊಟ್ಟಮೊದಲ ಮಾತು, "ಕ್ಯಾಮರಾ ಒಳಗಿಡು. ಇಲ್ಲಾಂದ್ರೆ ನಿನ್ನ ಜಡೆ ನನ್ನ ಕತ್ತರಿಗೆ ಸಿಗುತ್ತೆ."

ಅವಳು ನನಗೆ ಹೇಳಿದ ಮೊಟ್ಟಮೊದಲ ಮಾತು, "ನಿಮ್ಮ ಕತ್ತರಿ ಮೊಂಡಾಗಿದೆ. ಅವರ ಹಿಂದಲೆ ನೋಡಿ, ಇಲಿ ಕಡಿದ ಹಾಗಿದೆ."

ಕುರ್ಚಿಯಲ್ಲಿ ಕೂತಿದ್ದ ಗಿರಾಕಿ ಗಾಬರಿಯಿಂದ ಹಿಂದಲೆ ಮುಟ್ಟಿಕೊಂಡ. ನನ್ನ ಕ್ಷೌರದಂಗಡಿಯ ಬಾಗಿಲಲ್ಲಿ ಗುಂಪುಗಟ್ಟಿದ್ದ ಅಮೆರಿಕದ ಹುಡುಗಿಯರು ಕಿಸಕ್ಕೆಂದರು. ನಾನು ತಿರುಗಲಿಲ್ಲ. ಕನ್ನಡಿಯಲ್ಲೇ ಅವಳನ್ನು ದುರುಗುಟ್ಟಿ ನೋಡಿದೆ. ಅವಳೂ ಕನ್ನಡಿಯಲ್ಲೇ ನನ್ನನ್ನು ದುರುಗುಟ್ಟಿದಳು. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಮೇಲಿದ್ದ ಹುಬ್ಬು ಇಳಿಯುವ ಲಕ್ಷಣವೇ ಇರಲಿಲ್ಲ.

ಪ್ರೇಮ ಹೂವಿನಿಂದ ಶುರುವಾಗುತ್ತದೆ ಅನ್ನುವವರು ಬೇರೆ ಊರಿನವರು. ನಮ್ಮ ಗುಡ್ಡದಲ್ಲಿ ಎಲ್ಲವೂ ಜಗಳದಿಂದಲೇ ಶುರು.

ಲಿಸ್ಬನ್ನಿನ ಅಂಚಿನ ಈ ಗುಡ್ಡವನ್ನು ಕಡಲಾಚೆಯ ಕೇಪ್ ವರ್ಡ್ ದ್ವೀಪಗಳಿಂದ ಬಂದ ನಮ್ಮ ಕಪ್ಪು ಹಿರಿಯರು ತಾವೇ ಇಟ್ಟಿಗೆ ಹೊತ್ತು ಕಟ್ಟಿಕೊಂಡರು. ಟ್ಯಾಕ್ಸಿಯವರು ಇವತ್ತಿಗೂ ಬುಡದಲ್ಲೇ ಇಳಿಸಿ ತಿರುಗಿಸಿಕೊಂಡು ಹೋಗುತ್ತಾರೆ. ಹಾಗೆ ಹೆದರುವವರು ಒಂದು ಕಡೆಯಾದರೆ, ನಮ್ಮನ್ನು ಪ್ರೀತಿಸಲೆಂದೇ ಬಸ್ಸು ಹತ್ತಿ ಬರುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮೇಲೇ ಹೆಚ್ಚು ಸಿಟ್ಟು.

ಅದಕ್ಕೆ ಕಾರಣವಿತ್ತು. ನಮ್ಮ ಬಿಬಿಯಾನಜ್ಜಿ ಒಂದು ಕಾಲಕ್ಕೆ ತಲೆಯ ಮೇಲೆ ಬೋಗುಣಿ ಹೊತ್ತು ಪಟ್ಟಣದ ಬೀದಿಗಳಲ್ಲಿ ಮೀನು ಮಾರಿದವಳು. ಯಾರೋ ಒಬ್ಬ ಬಂದು ಅವಳ ಫೋಟೋ ತೆಗೆದ, ಚೆನ್ನಾಗಿಯೇ ತೆಗೆದ. ಪಟ್ಟಣದಲ್ಲಿ ಪ್ರದರ್ಶನ ಅಂದಾಗ ಅಜ್ಜಿ ಚರ್ಚಿಗೆ ಹಾಕುವ ಬಟ್ಟೆ ತೊಟ್ಟು, ನನ್ನ ತೋಳು ಹಿಡಿದು ನೋಡಲು ಹೋದಳು. ಗೋಡೆಯಷ್ಟು ದೊಡ್ಡ ಫೋಟೋ. ಕೆಳಗೆ 'ಮೀನು ಹೊತ್ತ ಕಪ್ಪು ಹೆಂಗಸು' ಅಂತ ಬರೆದಿತ್ತು.

ಅಜ್ಜಿ ಅದನ್ನು ಓದಿಸಿಕೊಂಡು, "ನಮ್ಮನೆ ಬೆಕ್ಕಿಗೂ ಹೆಸರಿದೆಯಲ್ಲೋ ಮಗಾ," ಅಂದಳು. ಅಷ್ಟೇ ಅಂದಳು.

ಆದ್ದರಿಂದ ಅಟ್ಲಾಂಟಾದ ಯಾವುದೋ ಕಾಲೇಜಿನಿಂದ ಡಾಕ್ಟರ್ ಹಾಲೊವೇ ಎಂಬ ಮೇಡಂ ತಮ್ಮ ಶಿಷ್ಯೆಯರನ್ನು ಕರೆದುಕೊಂಡು ಗುಡ್ಡ ಹತ್ತಿದಾಗ ನಾನು ಮುಖ ಗಂಟು ಹಾಕಿಕೊಂಡೇ ಇದ್ದೆ. ಎಲ್ಲರೂ ಕಪ್ಪು ಹುಡುಗಿಯರೇ. ಓದುತ್ತಿದ್ದದ್ದು ಯುರೋಪಿನ ಕಪ್ಪು ಹೆಂಗಸರ ಚರಿತ್ರೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಮುಗಿಸಿ ಕೊನೆಗೆ ನಮ್ಮಲ್ಲಿಗೆ. ಪ್ರತಿಯೊಬ್ಬಳೂ ಒಬ್ಬ ಹೆಂಗಸಿನ ಬಗ್ಗೆ ಪ್ರವಾಸದ ಕೊನೆಯ ಸಭೆಯಲ್ಲಿ ಮಾತಾಡಬೇಕು. ಚೆನ್ನಾಗಿ ಮಾತಾಡಿದವಳಿಗೆ ಬರುವ ವರ್ಷ ಪೂರ್ತಿ ಲಿಸ್ಬನ್ನಿನಲ್ಲೇ ಓದುವ ಅವಕಾಶ. ಡೆನೀಶಾಗೆ ಅದು ಬೇಕೇ ಬೇಕಿತ್ತು. ಅವಳು ಆರಿಸಿಕೊಂಡದ್ದು ನಮ್ಮ ಅಜ್ಜಿಯನ್ನು.

ಅಜ್ಜಿ ಅವರೆಲ್ಲರಿಗೂ ಕಚೂಪಾ ಬಡಿಸಿದಳು. ಮೆಕ್ಕೆಜೋಳ, ಕಾಳು ಬೆಂದು ಗಂಜಿಯಾಗುವ ತನಕ ಕುದಿಸುವುದೇ ಅದರ ಗುಟ್ಟು. ಹುಡುಗಿಯರು ಬೆರಳು ನೆಕ್ಕಿದ ಮೇಲೆ ಅಜ್ಜಿ ತನ್ನ ಎಂದಿನ ಕತೆ ತೆಗೆದಳು.

"ಬರಿಗಾಲು, ಮಗಳೇ. ಚಳಿಗಾಲದ ಕಲ್ಲುಹಾಸು. ತಲೆ ಮೇಲೆ ಮೀನಿನ ಬೋಗುಣಿ. ಸಿಂಬಿ ಸುತ್ತೋಕೆ ಒಂದು ಚಿಂದಿ ಬಟ್ಟೆನೂ ಇರಲಿಲ್ಲ ನನ್ನ ಹತ್ರ. ಬರಿ ತಲೆ ಮೇಲೇ ಹೊತ್ತೆ. ಅಳ್ತಾ ಹೋಗ್ತಿದ್ದೆ, ಅಳ್ತಾ ಬರ್ತಿದ್ದೆ."

ಅಲ್ಲಿಗೆ ಸರಿಯಾಗಿ ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆ ತುದಿ ನನಗೆ ಗೊತ್ತು. ಈರುಳ್ಳಿ ಹೆಚ್ಚಿ ಕೈ ಒರೆಸುವ ತುದಿ ಅದು. ಹುಡುಗಿಯರ ಕಣ್ಣಲ್ಲಿ ನೀರು ಬಂತು. ಮೇಡಂ ಕೂಡ ಕನ್ನಡಕ ತೆಗೆದರು.

ಡೆನೀಶಾ ಮಾತ್ರ ಪೆನ್ನಿನ ಕ್ಯಾಪ್ ಹಾಕಿದಳು. "ಇದು ಸುಳ್ಳು," ಅಂದಳು.

ಮೇಡಂ ಕನ್ನಡಕ ಮತ್ತೆ ಏರಿಸಿಕೊಂಡರು.

"ನನ್ನ ಮುತ್ತಜ್ಜಿ ನಮ್ಮ ಕಡೆಯ ಸವಾನಾ ಪಟ್ಟಣದ ಬೀದಿಗಳಲ್ಲಿ ಏಡಿ ಮಾರುತ್ತಿದ್ದರು, ಬುಟ್ಟಿ ತಲೆಯ ಮೇಲೆ. ಸಿಂಬಿ ಇಲ್ಲದೆ ಯಾರೂ ಹೊರುವುದಿಲ್ಲ. ಹೊತ್ತರೆ ಕತ್ತು ಕುಸಿಯುತ್ತದೆ. ನಿಮ್ಮ ಕತ್ತು ಕಂಬದ ಹಾಗೆ ನೆಟ್ಟಗಿದೆ, ಅಜ್ಜಿ. ಬಟ್ಟೆ ಇತ್ತು. ಅದನ್ನೇಕೋ ಮುಚ್ಚಿಡುತ್ತಿದ್ದೀರಿ."

ನಾನು ಎದ್ದೆ. "ಹೊರಗೆ ನಡಿ."

ಓಣಿಯಲ್ಲಿ ನಿಂತು ಅವಳ ಮುಖದೆದುರು ಬೆರಳು ಆಡಿಸಿದೆ. "ನಮ್ಮಜ್ಜಿ ಮನೇಲಿ ಕೂತು, ಅವಳ ಅನ್ನ ತಿಂದು, ಅವಳನ್ನೇ ಸುಳ್ಳಿ ಅಂತೀಯಾ?"

"ಊಟ ಚೆನ್ನಾಗಿತ್ತು. ಕತೆ ಹಳಸಿತ್ತು."

"ಆ ಹಳಸಿದ್ದು ತಿನ್ನೋಕೇ ತಾನೆ ನೀವೆಲ್ಲ ಬರೋದು? ಅತ್ತರೆ ಬರ್ಕೋತೀರಿ, ನಕ್ಕರೆ ಎದ್ದು ಹೋಗ್ತೀರಿ!"

ಕಾಲೇಜಿನಲ್ಲಿ ಕಲಿತ ಇಸ್ತ್ರಿ ಮಾಡಿದ ಪೋರ್ಚುಗೀಸ್ ಅವಳದು. ಸಿಟ್ಟು ಬಂದಾಗ ಆ ಇಸ್ತ್ರಿ ಪೂರ್ತಿ ಕೆಟ್ಟಿತು.

"ನನ್ನನ್ನ ಅವರ ಜೊತೆ ಸೇರಿಸ್ಬೇಡ! ಪ್ಯಾರಿಸ್‌ನಲ್ಲಿ ದೊರೆಸಾನಿ ಚಿತ್ರದ ಮೂಲೇಲಿ ತಟ್ಟೆ ಹಿಡ್ಕೊಂಡು ನಮ್ಮಂಥ ಹುಡುಗಿ ನಿಂತಿದ್ದಾಳೆ, ಅವಳಿಗೆ ಹೆಸರೇ ಇಲ್ಲ. ನಿಮ್ಮ ಇದೇ ಊರಿನ ಗೋಡೆಗೆಲ್ಲ ಸುಣ್ಣ ಬಳಿದು, ಊರಿನ ಹೊಲಸು ಹೊತ್ತು ನದಿಗೆ ಸುರಿದ ಹೆಂಗಸರು ನಮ್ಮಂಥವರೇ. ಅವರು ಯಾರನ್ನ ಬೈದ್ರು, ಯಾವುದಕ್ಕೆ ನಕ್ಕರು, ಯಾರಿಗೆ ಕಣ್ಣು ಹೊಡೆದ್ರು, ಒಬ್ಬರೂ ಕೇಳ್ಲಿಲ್ಲ. ಈಗ ಒಬ್ಬಳು ಜೀವಂತ ಕೂತಿದ್ದಾಳೆ ನನ್ನೆದುರಿಗೆ. ಅವಳೂ ಬರೀ ಅಳು ಕೊಟ್ಟರೆ ಇನ್ಯಾರನ್ನ ಕೇಳಲಿ ನಾನು?"

"ಹೋಗು, ಹೋಗು" ಅಂದೆ. ಸೋತವರು ಹೇಳುವ ಮಾತು ಅದು.

ಹೋದಳು. ಜಡೆಗಳನ್ನು ಗಂಟು ಕಟ್ಟಿಕೊಳ್ಳುತ್ತ ಇಳಿಜಾರಿನಲ್ಲಿ ದಡದಡ ನಡೆದಳು. ತಿರುವಿನಲ್ಲಿ ಗಕ್ಕನೆ ನಿಂತು ತಿರುಗಿ ನೋಡಿದಳು. ನಾನು ಬಾಗಿಲ ಸಂದಿಯಲ್ಲಿದ್ದೆ.

"ನೋಡೋದಾದ್ರೆ ನೆಟ್ಟಗೆ ನೋಡು! ಕದ್ದು ನೋಡ್ಬೇಡ!"

ಇಡೀ ಓಣಿ ನಕ್ಕಿತು.

ಮಾರನೆಯ ದಿನ ಅಜ್ಜಿ, "ಆ ಹುಡುಗೀನ ಕರ್ಕೊಂಡು ಬಾ," ಅಂದಳು.

"ಯಾಕೆ? ಬೈಸಿಕೊಂಡದ್ದು ಸಾಲದಾ?"

"ಇಷ್ಟು ವರ್ಷ ಬಂದವರೆಲ್ಲ ನನ್ನ ಕಣ್ಣೀರು ನೋಡಿದ್ರು. ಕತ್ತು ನೋಡಿದವಳು ಅವಳೊಬ್ಬಳೇ."

ಅವರು ಇಳಿದುಕೊಂಡಿದ್ದ ಜಾಗ ಹುಡುಕಿಕೊಂಡು ಹೋದೆ. "ಅಜ್ಜಿ ಕರೀತಿದ್ದಾಳೆ. ನಾನಲ್ಲ," ಅಂದೆ.

"ಗೊತ್ತು. ನೀನು ಕರೆದಿದ್ರೆ ಬರ್ತಿರ್ಲಿಲ್ಲ."

ರೈಲಿನಲ್ಲಿ ಅವಳೊಂದು ಸೀಟು, ನಾನೊಂದು ಸೀಟು. ಸುರಂಗ ಬಂದಾಗ ಕಿಟಕಿಯ ಗಾಜು ಕನ್ನಡಿಯಾಯಿತು. ಅದರಲ್ಲಿ ಅವಳು ನನ್ನನ್ನೇ ನೋಡುತ್ತಿದ್ದಳು. ಸಿಕ್ಕಿಬಿದ್ದ ಮೇಲೂ ಕಣ್ಣು ತಪ್ಪಿಸಲಿಲ್ಲ. ನಾಲಿಗೆ ಚಾಚಿ ಅಣಕಿಸಿದಳು. ಸುರಂಗ ಮುಗಿಯಿತು. ಇನ್ನೂ ಸ್ವಲ್ಪ ಉದ್ದವಿರಬೇಕಿತ್ತು ಅನ್ನಿಸಿ ನನ್ನ ಮೇಲೆ ನನಗೇ ಕೋಪ ಬಂತು.

ಮನೆಯ ಮೇಲಿನ ತಾರಸಿಯಲ್ಲಿ ಅಜ್ಜಿ ಬಂಗುಡೆ ತೊಳೆಯುತ್ತಿದ್ದಳು. ಡೆನೀಶಾ ಕೇಳದೆಯೇ ಚಾಕು ತೆಗೆದುಕೊಂಡು ಎದುರು ಕೂತಳು. ಇಬ್ಬರೂ ಸೇರಿ ಅಷ್ಟೂ ಮೀನು ಹಸನು ಮಾಡಿದರು. ಆಮೇಲೆ ಅಜ್ಜಿ ಬೋಗುಣಿ ತೋರಿಸಿ, "ಹೊರು ನೋಡೋಣ, ಏಡಿಯಮ್ಮನ ಮರಿಮೊಮ್ಮಗಳು," ಅಂದಳು.

ಡೆನೀಶಾ ತನ್ನ ನೈಲಾನ್ ಜಾಕೆಟ್ ಸುತ್ತಿ ಸಿಂಬಿ ಮಾಡಿ, ಬೋಗುಣಿ ಏರಿಸಿಕೊಂಡು ಗತ್ತಿನಿಂದ ಹೆಜ್ಜೆ ಇಟ್ಟಳು. ಸಿಂಬಿ ಜಾರಿತು. ಬೋಗುಣಿ ವಾಲಿತು. ಬಂಗುಡೆಗಳೆಲ್ಲ ಮೆಟ್ಟಿಲ ಬಳಿ ನಿಂತಿದ್ದ ನನ್ನ ಮೇಲೆ ಸುರಿದವು.

ನಾನು ನಕ್ಕೆ. ತಡೆಯಲಾಗಲಿಲ್ಲ.

"ನಗು, ನಗು," ಅಂದಳು. "ಗಡ್ಡದ ತುಂಬ ಮೀನಿನ ಹುರುಪೆ. ಮೊದಲ ಸಲ ಚೆನ್ನಾಗಿ ಕಾಣ್ತಿದ್ದೀಯ."

ಅಜ್ಜಿ ನಮ್ಮಿಬ್ಬರನ್ನೂ ಒಂದು ಥರಾ ನೋಡಿದಳು. "ನೈಲಾನ್ ಜಾರುತ್ತೆ. ಹೊಸ ಬಟ್ಟೆನೂ ಜಾರುತ್ತೆ. ಹಳೇ ಹತ್ತಿ ಬೇಕು, ಹುಡುಗಿ. ಗಂಡಸಿನ ಬೆವರು ಕುಡಿದು ಮೆತ್ತಗಾದದ್ದು."

ಹೇಳಿದ ಮೇಲೆ ಬಾಯಿ ತಪ್ಪಿತು ಅನ್ನುವ ಹಾಗೆ ನಾಲಿಗೆ ಕಚ್ಚಿಕೊಂಡಳು. ಡೆನೀಶಾ ಚೆಲ್ಲಿದ ಮೀನು ಆರಿಸತೊಡಗಿದಳು. ಪೆನ್ನು ತೆಗೆಯಲಿಲ್ಲ. ಆಗ ಅಜ್ಜಿ ಹೇಳಿದಳು.

"ಒಬ್ಬ ಗಾರೆ ಕೆಲಸದವನಿದ್ದ. ದಿನಾ ನಾನು ಆ ಬೀದಿ ದಾಟುವಾಗ ಸಾರುವೆ ಮೇಲಿಂದ 'ನಾತ ಬಂತು, ಮೂಗು ಮುಚ್ಕೊಳ್ಳಿ' ಅಂತ ಕೂಗೋನು. ನಾನು ಅವನ ತಾಯಿವರೆಗೂ ಬೈತಿದ್ದೆ. ಒಂದು ದಿನ ಬೀದೀಲಿ ಮಾರಬಾರದು ಅಂತ ಪೊಲೀಸರು ಅಟ್ಟಿಸ್ಕೊಂಡು ಬಂದ್ರು. ಬೋಗುಣಿ ಒದ್ರು. ಸಿಂಬಿ ಚರಂಡಿ ಪಾಲು. ಆವಾಗ ಅವನು ಇಳಿದು ಬಂದ. ಮೀನೆಲ್ಲ ಆರಿಸಿದ. ಆ ಚಳೀಲಿ ಮೈಮೇಲಿನ ಅಂಗಿ ಬಿಚ್ಚಿ, ಸಿಂಬಿ ಸುತ್ತಿ, ನನ್ನ ತಲೆ ಮೇಲಿಟ್ಟ. ಇಟ್ಟು ಏನಂದ ಗೊತ್ತಾ? 'ಓಡೋಕೂ ಬರಲ್ಲ ನಿನಗೆ' ಅಂದ!"

"ಅಂಗಿ?" ಡೆನೀಶಾ ಕೇಳಿದಳು.

"ವಾಪಸ್ ಕೊಡ್ಲೇ ಇಲ್ಲ. ಅವನು ಸಾಯೋ ತನಕ ಅವನ ಅಂಗೀದೇ ಸಿಂಬಿ. ಅವನನ್ನೇ ತಲೆ ಮೇಲೆ ಹೊತ್ಕೊಂಡು ಈ ಊರೆಲ್ಲ ಸುತ್ತಿದೀನಿ."

ಅವನು ನನ್ನ ಅಜ್ಜ. ಈ ಕತೆ ನನಗೂ ಅವತ್ತೇ ಗೊತ್ತಾದದ್ದು.

"ಮತ್ಯಾಕೆ ಯಾರಿಗೂ ಹೇಳ್ಲಿಲ್ಲ, ಅಜ್ಜಿ?" ಅಂದೆ.

"ಅಳು ಎಷ್ಟು ಬೇಕಾದ್ರೂ ಕೊಡ್ತೀನಿ, ಅದು ಊರಿನದು. ಅವನು ನನ್ನವನು."

(ಇದನ್ನು ನಿಮಗೆ ಹೇಳುತ್ತಿದ್ದೇನೆಂದರೆ, ಈಚೆಗೆ ಅಜ್ಜಿಯೇ ಒಪ್ಪಿದಳು. "ಪಾಠ ಮಾಡಿ ಹೇಳ್ಬೇಡ, ಪ್ರೇಮದ ಕತೆ ಮಾಡಿ ಹೇಳು. ಹುಡುಗೀನೂ ಕೇಳಿ ಹೇಳು," ಅಂದಳು. ಇಬ್ಬರನ್ನೂ ಕೇಳಿಯೇ ಹೇಳುತ್ತಿದ್ದೇನೆ.)

ಡೆನೀಶಾ ಕೆಳಗೆ ಇಳಿಯುವಾಗ ಮೆಟ್ಟಿಲಿಗೆ ಅಡ್ಡ ನಿಂತೆ. "ಈ ಮಾತು ಆ ಸಭೇಲಿ ಬಂದ್ರೆ ನೀನು ಇನ್ಮೇಲೆ ಈ ಗುಡ್ಡ ಹತ್ತೋ ಹಾಗಿಲ್ಲ."

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟಳು. ಕನ್ನಡಿ ಇಲ್ಲ, ಗಾಜಿಲ್ಲ. ಇಷ್ಟು ಹತ್ತಿರದಿಂದ ನೋಡಿದಾಗ ಆ ಹುಬ್ಬಿನಲ್ಲಿ ಸಣ್ಣದೊಂದು ಗಾಯದ ಗುರುತಿತ್ತು.

"ಆ ಮಾತು ಬರದಿದ್ರೆ ಮುಂದಿನ ವರ್ಷ ನಾನು ಈ ಊರಿಗೇ ಬರೋಕಾಗಲ್ಲ," ಅಂದಳು. "ಅದೇ ನಿನಗೆ ಬೇಕಾಗಿರೋದು ತಾನೆ?"

ಹೌದು ಅನ್ನಬೇಕಿತ್ತು. ದಾರಿ ಬಿಟ್ಟು ಪಕ್ಕಕ್ಕೆ ಸರಿದೆ.

ಸಭೆಗೆ ಅಜ್ಜಿ ಮತ್ತೆ ಚರ್ಚಿನ ಬಟ್ಟೆ ತೊಟ್ಟಳು. ನಾನು ಹಿಂದಿನ ಸಾಲಿನಲ್ಲಿ, ಜಗಳಕ್ಕೆ ತಯಾರಾಗಿ, ತೋಳು ಮಡಿಸಿಕೊಂಡು ಕೂತೆ.

ಡೆನೀಶಾ ಎದ್ದು ನಿಂತು, ಎಲ್ಲಕ್ಕೂ ಮೊದಲು ಹೆಸರು ಹೇಳಿದಳು. "ಬಿಬಿಯಾನಾ ಲೋಪಿಸ್ ತವಾರಿಸ್."

ಅಜ್ಜಿ ಥಟ್ಟನೆ ಎದ್ದು ನಿಂತಳು. ಶಾಲೆಯಲ್ಲಿ ಹಾಜರಿ ಕರೆದಾಗ ಮಕ್ಕಳು ನಿಲ್ಲುತ್ತಾರಲ್ಲ, ಹಾಗೆ. ಸಭೆಯೂ ಎದ್ದಿತು. ಅಜ್ಜಿ ನಾಚಿಕೊಂಡು ಕೂತಳು. ನನ್ನ ಮಡಿಸಿದ ತೋಳು ಯಾವಾಗ ಬಿಚ್ಚಿತೋ ತಿಳಿಯದು.

ಅಜ್ಜಿ ಅವಳಿಗೆ ಆಮೇಲೆ ಇನ್ನೂ ಏನೇನು ಹೇಳಿದ್ದಳೋ! ಮೀನುಗಾರ್ತಿಯರೆಲ್ಲ ಸೇರಿ ಠಾಣೆಯ ಮೆಟ್ಟಿಲ ಮೇಲೆ ಮೀನಿನ ಕರುಳು ಸುರಿದು ಬಂದದ್ದು, ಒಬ್ಬ ಪೇದೆಗೆ ಬಂಗುಡೆಯಲ್ಲಿ ಬಾರಿಸಿದ್ದು. ಸಭೆ ಹೊಟ್ಟೆ ಹಿಡಿದು ನಕ್ಕಿತು. ಕೊನೆಗೆ ಡೆನೀಶಾ, "ಇವರು ಬರಿ ತಲೆಯ ಮೇಲೆ ಹೊರಲಿಲ್ಲ. ಸಿಂಬಿ ಇತ್ತು," ಅಂದು ನಿಲ್ಲಿಸಿದಳು.

"ಯಾವ ಬಟ್ಟೆ? ಎಲ್ಲಿಂದ ಬಂತು?" ಮೇಡಂ ಕೇಳಿದರು.

"ಗೊತ್ತು, ಮೇಡಂ. ಹೇಳಲ್ಲ."

"ಹೇಳದಿದ್ದರೆ ನಿನ್ನ ಕೆಲಸ ಅರ್ಧವಾಗುತ್ತೆ, ಡೆನೀಶಾ. ಅದರ ಪರಿಣಾಮ ನಿನಗೆ ಗೊತ್ತು."

"ಅರ್ಧವೇ ಇರಲಿ. ಇಷ್ಟು ದಿನ ಎಲ್ಲರೂ ಇವರನ್ನ ಪೂರ್ತಿ ಎತ್ತಿಕೊಂಡು ಹೋಗಿದ್ದಾರೆ."

ಅವಕಾಶ ಇನ್ನೊಬ್ಬ ಹುಡುಗಿಗೆ ಹೋಯಿತು.

ಹೊರಗಿನ ಕಂಬದ ಬಳಿ ಅವಳನ್ನು ಹಿಡಿದು ನಿಲ್ಲಿಸಿದೆ. "ಬುದ್ಧಿ ಇದೆಯಾ ನಿನಗೆ? ಒಂದು ವರ್ಷ! ಕೈಯಲ್ಲಿದ್ದ ಒಂದು ವರ್ಷ ಬಿಸಾಕ್ದೆ!"

"ಬೆದರಿಸಿದವನು ನೀನೇ ಅಲ್ವಾ?"

"ನನ್ನ ಮಾತು ಯಾವತ್ತು ಕೇಳಿದ್ದೀಯ ನೀನು?"

"ಇವತ್ತೂ ಕೇಳ್ಲಿಲ್ಲ. ಅಜ್ಜಿ ಮಾತು ಕೇಳಿದೆ." ಜಡೆಗಳನ್ನು ಮತ್ತೆ ಗಂಟು ಕಟ್ಟಿಕೊಂಡಳು. "ನೀನು ಖುಷಿಯಾಗಿರು. ನಿನ್ನ ಗುಡ್ಡ ನಿನಗೇ ಇರಲಿ."

ಊರಿಗೆ ಹೊರಡುವ ದಿನ ಅಜ್ಜಿಗೆ ಹೇಳಿ ಹೋಗಲು ಬಂದಳು. ಅವರ ಬಸ್ಸು ಬುಡದಲ್ಲಿ ನಿಂತಿತ್ತು. ಅಜ್ಜಿಯ ಮನೆಯಿಂದ ಇಳಿಯುವಾಗ ನನ್ನ ಅಂಗಡಿಯ ಬಾಗಿಲಲ್ಲಿ ಚೀಲ ಇಳಿಸಿ ನಿಂತಳು. ನಾನು ಗಿರಾಕಿಯ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಸೋಪು ಹಚ್ಚುತ್ತಿದ್ದೆ. ಕನ್ನಡಿಯಲ್ಲಿ ಅವಳು ಕಂಡಳು. ಹುಬ್ಬು ಎರಡೂ ಕೆಳಗೇ ಇದ್ದವು. ಅದನ್ನು ನನ್ನಿಂದ ನೋಡಲಾಗಲಿಲ್ಲ.

"ಹೊರಟೆ," ಅಂದಳು.

"ಹೋಗು."

"ಅಷ್ಟೇನಾ?"

ಬ್ರಷ್ಷು ಇಟ್ಟೆ. ಮೈಮೇಲಿನ ಅಂಗಿ ಬಿಚ್ಚಿದೆ. ಒಗೆದು ಒಗೆದು ಮಾಸಿದ ನೀಲಿ ಅಂಗಿ. ಅದನ್ನು ಅವಳ ಮುಖಕ್ಕೇ ಎಸೆದೆ.

"ತಗೋ. ಹಳೇದು. ಬಿಸಾಕೋಣ ಅಂತಿದ್ದೆ."

"ಬಿಸಾಕೋ ಅಂಗೀನ ಮೈಮೇಲೆ ಹಾಕ್ಕೊಂಡಿದ್ಯಾ?"

"ನಿನಗೆ ಬೇಡಾಂದ್ರೆ ಕೊಡು ಇಲ್ಲಿ!"

"ಅಯ್ಯೋ, ತಗೊಳ್ಳಮ್ಮಾ ತಾಯಿ," ಗಿರಾಕಿ ಅರಚಿದ. "ನನ್ನ ಸೋಪು ಒಣಗ್ತಾ ಇದೆ!"

ಅವಳು ಅಂಗಿಯನ್ನು ಮೂಗಿನ ಹತ್ತಿರ ಹಿಡಿದಳು. "ನಾತ," ಅಂದಳು. ಆಮೇಲೆ ಮೆಲ್ಲಗೆ, ಅವಸರವೇ ಇಲ್ಲದೆ ಅದನ್ನು ಹುರಿ ಹೊಸೆದು, ಸುತ್ತಿ, ತುದಿ ಒಳಗೆ ಸಿಕ್ಕಿಸಿ ತಲೆಯ ಮೇಲಿಟ್ಟುಕೊಂಡಳು. ಚೀಲ ಎತ್ತಿ ಅದರ ಮೇಲೆ ಏರಿಸಿದಳು. ಒಂದು ಕೈ ಬಿಟ್ಟಳು. ಇನ್ನೊಂದನ್ನೂ ಬಿಟ್ಟಳು.

ಚೀಲ ಕದಲಲಿಲ್ಲ.

ತಾರಸಿಯಿಂದ ಅಜ್ಜಿ ಕೂಗಿದಳು. "ಕತ್ತು ನೆಟ್ಟಗೆ, ಹುಡುಗಿ! ಕಾಲು ನೋಡ್ಬೇಡ!"

ಡೆನೀಶಾ ಇಳಿಜಾರಿನಲ್ಲಿ ನಡೆದಳು. ನಾನು ಬರಿಮೈಯಲ್ಲಿ ನಡುಬೀದಿಗೆ ಬಂದು ನಿಂತು ನೆಟ್ಟಗೆ ನೋಡಿದೆ. ತಲೆಯ ಮೇಲೆ ಹೊರೆ ಇದ್ದವರು ತಿರುಗಿ ನೋಡುವಂತಿಲ್ಲ. ತಿರುವಿನಲ್ಲಿ ಅವಳು ನಿಂತಳು, ಬೆನ್ನು ನನ್ನ ಕಡೆಗೇ ಇತ್ತು.

"ದುಡಿದು, ಕೂಡಿಟ್ಟು, ಒಂದು ದಿನ ಬರ್ತೀನಿ!" ಎಂದು ಕೂಗಿದಳು. "ಈ ಗಬ್ಬು ಅಂಗಿ ವಾಪಸ್ ಕೊಡೋಕೆ!"

ಓಣಿ ನನ್ನ ಕಡೆ ನೋಡಿತು.

"ಕೊಡ್ಬೇಡ!" ಅಂದೆ.